ಪುರಂದರದಾಸರ ಅಂಚೆಚೀಟಿ: ಹುಡುಕಿ, ಬಿಡಿಸಿ, ಹದಿನಾರು ಹಾಳೆಗೆ ಹೊಂದಿಸುವ ಬಗೆ

ಪುರಂದರದಾಸರ ನೆನಪಿನ ಅಂಚೆಚೀಟಿ ಬಂದದ್ದು 1964ರ ಜನವರಿ 14ರಂದು. ಮುಖಬೆಲೆ 15 ನಯಾಪೈಸೆ. ದಾಸರು ತೀರಿಕೊಂಡು ಆಗ ನಾನೂರು ವರ್ಷ. ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ ಸಂಗೀತ ಕಲಿಯುವ ಮಕ್ಕಳು, ಕಲಿಸುವ ಮೇಷ್ಟ್ರುಗಳು, ಆರಾಧನೆ ನಡೆಸುವ ಭಜನಾ ಮಂಡಳಿಗಳು ಈ ಒಂದು ಚೀಟಿಯಿಂದ ಶುರು ಮಾಡಿ ವಾಗ್ಗೇಯಕಾರರ, ಅಂದರೆ ಹಾಡಿನ ಮಾತು, ರಾಗ ಎರಡನ್ನೂ ತಾವೇ ಕಟ್ಟಿದವರ ಒಂದು ಒಳ್ಳೆಯ ಸಂಗ್ರಹವನ್ನು ಹೇಗೆ ಕಟ್ಟಿ ಪ್ರದರ್ಶನದ ಹದಿನಾರು ಹಾಳೆಗೆ ಹೊಂದಿಸಬಹುದು ಎನ್ನುವುದನ್ನು ಇಲ್ಲಿ ಹೇಳುತ್ತೇವೆ. ಎಲ್ಲ ಹಂತದಲ್ಲೂ ಒಂದು ನಿಯಮ ತಲೆಯಲ್ಲಿರಲಿ: ಚೀಟಿಗೆ ನೀವು ಏನೇ ಮಾಡಿದರೂ ಅದನ್ನು ನಾಳೆ ವಾಪಸ್ ತೆಗೆಯಲು ಬರುವಂತಿರಬೇಕು. ಈ ಊರುಗಳಲ್ಲಿ ಹಾಳಾಗುವ ಚೀಟಿಗಳಲ್ಲಿ ಹೆಚ್ಚಿನವು ಪ್ರೀತಿಯಿಂದಲೇ ಹಾಳಾಗುತ್ತವೆ. ಫೆವಿಕಾಲ್ ಹಚ್ಚಿ ಅಂಟಿಸುತ್ತಾರೆ, ಲ್ಯಾಮಿನೇಷನ್ ಮಾಡಿಸುತ್ತಾರೆ, ಗಾಜಿನ ಚೌಕಟ್ಟು ಹಾಕಿಸಿ ಬಿಸಿಲು ಬೀಳುವ ಗೋಡೆಗೆ ತೂಗುಹಾಕುತ್ತಾರೆ.

ಯಾವ ಯಾವ ಚೀಟಿ ಬೇಕು

ಸಂಗೀತ ಎಂದ ಕೂಡಲೇ ಕೈಗೆ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಬೇಡಿ. ಮೊದಲು ಐದಾರು ಚೀಟಿಯ ಬೆನ್ನೆಲುಬು ಇರಲಿ. ಕರ್ನಾಟಕ ಸಂಗೀತದ ಕಡೆಯಿಂದ ತ್ಯಾಗರಾಜರು (1961, 15 ನಯಾಪೈಸೆ), ಪುರಂದರದಾಸರು (1964, 15 ನಯಾಪೈಸೆ), ಮುತ್ತುಸ್ವಾಮಿ ದೀಕ್ಷಿತರು (1976, 25 ಪೈಸೆ), ಶ್ಯಾಮಾಶಾಸ್ತ್ರಿಗಳು (1985, 1 ರೂಪಾಯಿ). ಹಿಂದೂಸ್ತಾನಿ ಸಂಗೀತಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟ ವಿಷ್ಣು ನಾರಾಯಣ ಭಾತಖಂಡೆಯವರ ಚೀಟಿ 1961ರದು, ವಿಷ್ಣು ದಿಗಂಬರ ಪಲುಸ್ಕರರದು 1973ರದು. 1970ರಲ್ಲಿ ಜರ್ಮನಿಯ ಸಂಗೀತಕಾರ ಬೀಥೋವನ್ ಹುಟ್ಟಿ ಇನ್ನೂರು ವರ್ಷವಾದಾಗ ಭಾರತವೇ ಅವನಿಗೆ 20 ಪೈಸೆಯ ಒಂದು ಚೀಟಿ ತಂದಿತು. ಅನೇಕರಿಗೆ ಇದು ಗೊತ್ತಿರುವುದಿಲ್ಲ, ನೋಡಿದಾಗ ಖುಷಿಪಡುತ್ತಾರೆ.

ಈ ಮುಖಬೆಲೆಗಳನ್ನು ಗಮನಿಸಿ. ಅರವತ್ತರ ದಶಕದ ಮೊದಲಲ್ಲಿ ಒಂದು ಸಾದಾ ಕಾಗದವನ್ನು ದೇಶದೊಳಗೆ ಕಳಿಸಲು ಬೇಕಾಗಿದ್ದದ್ದೇ 15 ನಯಾಪೈಸೆ. ಬೀಥೋವನ್ ಚೀಟಿ ಬಂದಾಗ ಕಾಗದದ ದರ 20 ಪೈಸೆ, ದೀಕ್ಷಿತರ ಚೀಟಿ ಬಂದಾಗ 25. ಅಂದರೆ ಇವು ಕಪಾಟಿನಲ್ಲಿಡಲು ಮಾಡಿದ ಚೀಟಿಗಳಲ್ಲ, ಜನ ಕೊಂಡು ಕಾಗದಕ್ಕೆ ಹಚ್ಚಿ ಡಬ್ಬಿಗೆ ಹಾಕಿದಂಥವು. ಹಾಗಾಗಿ ಬಳಸಿದ ಪ್ರತಿಗಳು ಇಂದಿಗೂ ಸಿಗುತ್ತವೆ, ಬೆಲೆಯೂ ಕೈಗೆಟಕುವಂತಿರುತ್ತದೆ. ‘ಅರವತ್ತು ವರ್ಷ ಹಳೇದು, ಭಾರೀ ಅಪರೂಪ’ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೈಮುಗಿದು ಬಂದುಬಿಡಿ. ಹಳೆಯದೆಲ್ಲ ಅಪರೂಪದ್ದಾಗುವುದಿಲ್ಲ. ಅಪರೂಪ ಯಾವುದೆಂದರೆ ಬಿಡುಗಡೆಯ ದಿನವೇ ಅಂಚೆಯ ಮುದ್ರೆ ಬಿದ್ದ, ಊರಿನ ಹೆಸರು ಸ್ಪಷ್ಟವಾಗಿ ಓದಲು ಬರುವ, ಹರಿಯದ ಪೂರ್ತಿ ಕವರ್.

ತಾರೀಖಿನ ವಿಚಾರ

ತ್ಯಾಗರಾಜರ ಚೀಟಿ ಬಿಡುಗಡೆಯಾದದ್ದು 1961ರ ಜನವರಿ 6ರಂದು. ಅವರು ತೀರಿಕೊಂಡದ್ದು 1847ರ ಜನವರಿ 6ರಂದು. ನೂರಹದಿನಾಲ್ಕು ವರ್ಷ ಎಂದರೆ ಯಾರೂ ಸಾಮಾನ್ಯವಾಗಿ ಆಚರಿಸುವ ಲೆಕ್ಕವಲ್ಲ. ಆದರೆ ಪಂಚಾಂಗ ತೆಗೆದು ನೋಡಿದರೆ 1961ರ ಆ ದಿನ ಪುಷ್ಯ ಬಹುಳ ಪಂಚಮಿ, ಅಂದರೆ ಆರಾಧನೆಯ ತಿಥಿ. ತಿಥಿಯೂ ತಾರೀಖೂ ಹತ್ತೊಂಬತ್ತು ವರ್ಷಕ್ಕೊಮ್ಮೆ ಹತ್ತಿರ ಹತ್ತಿರ ಮತ್ತೆ ಕೂಡುತ್ತವೆ, 114 ಎಂದರೆ ಹತ್ತೊಂಬತ್ತರ ಆರು ಪಟ್ಟು. ಪುರಂದರದಾಸರ ಪುಣ್ಯದಿನ ಪುಷ್ಯ ಬಹುಳ ಅಮಾವಾಸ್ಯೆ. 1964ರ ಜನವರಿ 14ರಂದು ಅಮಾವಾಸ್ಯೆಯೇ ಇತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ಎರಡು ಚೀಟಿಗಳ ಮೇಲೆ ಬಿಡುಗಡೆಯ ದಿನದ ಮುದ್ರೆ ಇದ್ದರೆ ಅದು ಆರಾಧನೆಯ ದಿನದ ಮುದ್ರೆಯೂ ಹೌದು. ಆದ್ದರಿಂದ ಮುದ್ರೆಯನ್ನು ‘ಚೀಟಿಯ ಮೇಲಿನ ಮಸಿ’ ಎಂದು ತೊಳೆದು ಹಾಕುವ ಯೋಚನೆಯನ್ನೇ ಮಾಡಬೇಡಿ. ಈ ಸಂಗ್ರಹದಲ್ಲಿ ಅರ್ಧ ವಿಷಯ ಮುದ್ರೆಯಲ್ಲೇ ಇದೆ.

ಎಲ್ಲಿ ಹುಡುಕುವುದು

ಹೊಸದಾಗಿ ಬರುವ ಚೀಟಿಗಳಿಗೆ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಖಾಯಂ ಗಿರಾಕಿಯಾಗಬೇಕೆಂದರೆ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಠೇವಣಿ ಖಾತೆ ತೆರೆಯಬಹುದು, 200 ರೂಪಾಯಿಯಿಂದ ಶುರುವಾಗುತ್ತದೆ. ಯಾವ ಬಗೆಯ ಚೀಟಿ, ಎಷ್ಟು ಪ್ರತಿ, ಮೊದಲ ದಿನದ ಕವರ್ (ಹೊಸ ಚೀಟಿ ಹಚ್ಚಿ ಬಿಡುಗಡೆಯ ದಿನದ ಮುದ್ರೆ ಹಾಕಿದ ಲಕೋಟೆ) ಬೇಕೋ ಬೇಡವೋ ಎಂದು ಒಮ್ಮೆ ಬರೆದುಕೊಟ್ಟರೆ ಚೀಟಿ ಬಂದಂತೆಲ್ಲ ಖಾತೆಯ ಹಣದಿಂದ ಮುರಿದುಕೊಂಡು ಕಳಿಸುತ್ತಾರೆ. ಖಾತೆಯಲ್ಲಿ ಹಣ ಕಡಿಮೆಯಾದರೆ ಸದ್ದಿಲ್ಲದೆ ನಿಂತುಹೋಗುತ್ತದೆ, ಆಗಾಗ ನೋಡಿಕೊಳ್ಳಿ. ಬೆಂಗಳೂರಿಗೆ ಹೋದಾಗ ರಾಜಭವನ ರಸ್ತೆಯ ಜಿಪಿಒದಲ್ಲಿರುವ ಫಿಲಾಟೆಲಿ ಬ್ಯೂರೋಗೆ ಹೋಗಿಬನ್ನಿ. ಆದರೆ ಅಲ್ಲಿ ಸಿಗುವುದು ಈಚಿನ ಚೀಟಿಗಳು. 1964ರದು ಅಂಚೆ ಕಚೇರಿಯ ಯಾವ ಕೌಂಟರಿನಲ್ಲೂ ಸಿಗುವುದಿಲ್ಲ.

ಹಳೆಯದಕ್ಕೆ ಎರಡು ದಾರಿ. ಒಂದು, ವ್ಯಾಪಾರಿಗಳು ಮತ್ತು ಪ್ರದರ್ಶನಗಳು. ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನ ‘ಕರ್ನಾಪೆಕ್ಸ್’ ನಡೆದಾಗ ಅಂಗಡಿಗಳೂ ಬರುತ್ತವೆ. ಎರಡನೆಯದು ನಮ್ಮ ಊರುಗಳಿಗೇ ಒದಗಿ ಬಂದ ದಾರಿ, ಹಳೆಯ ವ್ಯಾಪಾರದ ಕಡತಗಳು. ದಾವಣಗೆರೆಯ ಹತ್ತಿ ಗಿರಣಿಗಳು, ಮಂಡಿಪೇಟೆಯ ದಲ್ಲಾಳಿ ಅಂಗಡಿಗಳು, ಚಳ್ಳಕೆರೆಯ ಎಣ್ಣೆ ವ್ಯಾಪಾರ, ಚನ್ನಗಿರಿಯ ಅಡಿಕೆ. ಇವುಗಳಿಗೆ ಮುಂಬಯಿ, ಮದ್ರಾಸು, ಹುಬ್ಬಳ್ಳಿಯಿಂದ ಕಾಗದ ಬರುತ್ತಿದ್ದ ಕಾಲ ಅದು. ಅಂಗಡಿ ಮುಚ್ಚುವಾಗ, ಮನೆ ಪಾಲಾಗುವಾಗ ಈ ಕಟ್ಟುಗಳು ರದ್ದಿಗೆ ಹೋಗುತ್ತವೆ. ಪರಿಚಯದ ಮನೆಗಳಲ್ಲಿ ಮೊದಲೇ ಹೇಳಿಟ್ಟಿರಿ. ರದ್ದಿ ಅಂಗಡಿಯವರಿಗೂ ಹೇಳಿಡಿ, ತೂಕಕ್ಕಿಂತ ಒಂದಿಷ್ಟು ಹೆಚ್ಚು ಕೊಡುತ್ತೇವೆಂದರೆ ಎತ್ತಿಟ್ಟಿರುತ್ತಾರೆ. ಮನೆಯವರ ಒಪ್ಪಿಗೆ ಇಲ್ಲದೆ ಒಂದು ಕವರನ್ನೂ ತೆಗೆದುಕೊಳ್ಳಬೇಡಿ.

ಇಂಥ ಕಟ್ಟುಗಳಲ್ಲಿ ಮೂರು ತೊಂದರೆ ಸಾಮಾನ್ಯ. ಆಗ ಬಂದ ಕಾಗದವನ್ನೆಲ್ಲ ಅಂಗಡಿಯ ತಂತಿಗೆ ಚುಚ್ಚಿ ಇಡುತ್ತಿದ್ದರು, ಆ ತೂತು ಎಷ್ಟೋ ಸಲ ಚೀಟಿಯ ನಡುವೆಯೇ ಬಿದ್ದಿರುತ್ತದೆ. ತಂತಿ ತುಕ್ಕು ಹಿಡಿದಿದ್ದರೆ ತೂತಿನ ಸುತ್ತ ಕಂದು ವರ್ತುಲ ಇರುತ್ತದೆ, ಅದು ಹೋಗುವುದಿಲ್ಲ. ಎರಡನೆಯದು ಎಣ್ಣೆಯ ಕಲೆ, ಬೆಳಕಿಗೆ ಹಿಡಿದರೆ ಕಾಗದ ಪಾರದರ್ಶಕವಾಗಿ ಕಾಣುತ್ತದೆ. ಮೂರನೆಯದು ಗೆದ್ದಲು. ಮಣ್ಣು ಮೆತ್ತಿದ ಕಟ್ಟನ್ನು ಮನೆಯೊಳಗೆ ತರುವ ಮೊದಲು ಅಂಗಳದಲ್ಲಿ ಬಿಚ್ಚಿ, ಒಂದೊಂದನ್ನೇ ಮೆತ್ತನೆಯ ಕುಂಚದಿಂದ ಒರೆಸಿ, ಒಂದು ವಾರ ಬೇರೆ ಡಬ್ಬಿಯಲ್ಲಿಟ್ಟು ನೋಡಿ. ಆಮೇಲೆ ಉಳಿದವುಗಳ ಜೊತೆ ಸೇರಿಸಿ.

ಕೊಳ್ಳುವ ಮುನ್ನ ನೋಡಬೇಕಾದ್ದು

ಆನ್‌ಲೈನಿನಲ್ಲಿ ಕೊಳ್ಳುವಾಗ ಹಿಂಬದಿಯ ಫೋಟೋ ಕೇಳದೆ ಹಣ ಹಾಕಬೇಡಿ. ಚೀಟಿಯ ಗುಣ ತಿಳಿಯುವುದು ಬೆನ್ನಿನಿಂದ. ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದಂತೆ ನೋಡಿ: ಒಂದು ಹಲ್ಲು ಮೊಂಡಾಗಿದ್ದರೂ ಬೆಲೆ ಇಳಿಯುತ್ತದೆ. ಬೆಳಕಿಗೆ ಹಿಡಿದಾಗ ಒಂದು ಕಡೆ ಮಾತ್ರ ತೆಳ್ಳಗೆ ಹೊಳೆದರೆ ಅಲ್ಲಿ ಯಾರೋ ಹಿಂಜನ್ನು (ಚೀಟಿಯನ್ನು ಪುಟಕ್ಕೆ ಹಚ್ಚುವ ಅಂಟಿನ ಪುಟ್ಟ ಕಾಗದದ ತುಂಡು) ಕಿತ್ತು ಕಾಗದದ ಪದರ ಎಬ್ಬಿಸಿದ್ದಾರೆ. ಬಳಸದ ಚೀಟಿಯ ಬೆನ್ನಿನಲ್ಲಿ ಅಂಟು ಹಲ್ಲಿನ ತುದಿಯವರೆಗೂ ಮೆತ್ತಿಕೊಂಡು ತುದಿಗಳು ಗಡುಸಾಗಿದ್ದರೆ ಆಮೇಲೆ ಅಂಟು ಬಳಿದದ್ದು. ಮೂಲ ಚೀಟಿಗೆ ಅಂಟು ಬಳಿದ ಮೇಲೆ ಹಲ್ಲು ಕೊರೆಯುತ್ತಾರೆ, ಹಾಗಾಗಿ ಹಲ್ಲಿನ ತುದಿಯಲ್ಲಿ ಕಾಗದದ ನಾರು ಮೆತ್ತಗೆ ಕಾಣಬೇಕು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಒಂದಿರಲಿ. ಆ ಕಾಲದ ಈ ಚೀಟಿಗಳು ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾದವು. ಕನ್ನಡಿಯಡಿ ಬಣ್ಣ ಒಂದೇ ಸಮನಾದ ಪುಟ್ಟ ಪುಟ್ಟ ಕಣಗಳಾಗಿ, ಜಾಲರಿಯ ಹಾಗೆ ಕಾಣುತ್ತದೆ. ಈಚೆಗೆ ಪ್ರಿಂಟರಿನಲ್ಲಿ ತೆಗೆದ ನಕಲಿನಲ್ಲಿ ಕೆಂಪು, ನೀಲಿ, ಹಳದಿ ಚುಕ್ಕೆಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ.

ಕವರ್ ಅಸಲಿಯೇ ಎಂದು ನೋಡಲು ವಿಳಾಸವೇ ಸಾಕ್ಷಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1964ರ ಕವರಿನ ಮೇಲೆ 577501 ಎಂಬ ಚಿತ್ರದುರ್ಗದ ಪಿನ್ ಇದ್ದರೆ ಆ ವಿಳಾಸ ಆಮೇಲೆ ಬರೆದದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಅಲ್ಲಿಯವರೆಗೆ ಊರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ‘ದಾವಣಗೆರೆ ಜಿಲ್ಲೆ, ಕರ್ನಾಟಕ’ ಎಂದು ಟೈಪಾದ 1964ರ ಮೊದಲ ದಿನದ ಕವರ್ ಯಾರಾದರೂ ತೋರಿಸಿದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಚೀಟಿಯ ಮೇಲಿನ ‘ನಯಾಪೈಸೆ’ಯೂ ಇಂಥದೇ ಗುರುತು. 1957ರ ಏಪ್ರಿಲ್ 1ರಂದು ಬಂದ ಆ ಹೆಸರಿನಿಂದ 1964ರ ಜೂನ್ 1ಕ್ಕೆ ‘ನಯಾ’ ಬಿಟ್ಟುಹೋಯಿತು. ದಾಸರ ಚೀಟಿ ನಯಾಪೈಸೆಯ ಕೊನೆಯ ತಿಂಗಳುಗಳದ್ದು.

ಕವರಿನಿಂದ ಬಿಡಿಸುವುದು

ಮೊದಲ ಪ್ರಶ್ನೆ: ಬಿಡಿಸಲೇಬೇಕೆ? ಮುದ್ರೆಯಲ್ಲಿ ಊರು, ತಾರೀಖು ಎರಡೂ ಓದಲು ಬಂದರೆ ಬಿಡಿಸಬೇಡಿ, ಕವರನ್ನು ಪೂರ್ತಿಯಾಗಿ ಇಟ್ಟುಕೊಳ್ಳಿ. ಮೊದಲ ದಿನದ ಕವರ್, ರಿಜಿಸ್ಟರ್ ಚೀಟಿ ಹಚ್ಚಿದ ಕವರ್, ‘ಚಿತಲ್‌ಡ್ರುಗ್’ ಎಂಬ ಬ್ರಿಟಿಷರ ಕಾಲದ ಕಾಗುಣಿತ ಇರುವ ಹಳೆಯ ಮುದ್ರೆ, ಇವುಗಳನ್ನು ನೀರಿಗೆ ಹಾಕುವುದು ಎಂದರೆ ದಾಖಲೆಯನ್ನೇ ಕರಗಿಸಿದ ಹಾಗೆ. ಕವರ್ ಹರಿದು ಹಾಳಾಗಿದ್ದು ಮುದ್ರೆ ಮಾತ್ರ ಚೆನ್ನಾಗಿದ್ದರೆ, ಮುದ್ರೆಯ ಸುತ್ತ ಎರಡು ಸೆಂಟಿಮೀಟರ್ ಬಿಟ್ಟು ಚೌಕಾಕಾರವಾಗಿ ಕತ್ತರಿಸಿ ಹಾಗೆಯೇ ಇಡಿ. ಮುದ್ರೆ ಅರೆಬರೆ ಬಿದ್ದ ಸಾಮಾನ್ಯ ಪ್ರತಿಗಳನ್ನು ಮಾತ್ರ ಬಿಡಿಸಿ.

ಬೇಕಾದ ಸಾಮಾನು ಇಷ್ಟೇ: ಅಗಲವಾದ ಎರಡು ಸ್ಟೀಲ್ ತಟ್ಟೆ, ತುದಿ ಚಪ್ಪಟೆಯಾಗಿರುವ ಚಿಮಟ, ನಾಲ್ಕು ಹಾಳೆ ಬಿಳಿ ಬ್ಲಾಟಿಂಗ್ ಪೇಪರ್, ಎರಡು ದಪ್ಪ ಪುಸ್ತಕ. ಹುಬ್ಬು ಕೀಳುವ ಚಿಮಟ ಬೇಡ, ಅದರ ತುದಿಯ ಗೆರೆಗಳು ಒದ್ದೆ ಕಾಗದವನ್ನು ಕಚ್ಚುತ್ತವೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಪಾತ್ರೆಯ ಮೇಲೆ ಬಿಳಿ ಪೊರೆ ಕಟ್ಟುವ ಆ ನೀರು ಒಣಗಿದ ಮೇಲೆ ಗಾಢ ಬಣ್ಣದ ಚೀಟಿಯ ಮೇಲೂ ಮಸುಕು ಪುಡಿ ಬಿಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಬಳಸಿ, ಕೊನೆಯ ತೊಳೆತಕ್ಕಾದರೂ ಅದೇ ಆಗಬೇಕು.

1. ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕವರನ್ನು ಕತ್ತರಿಸಿ. ಕಂದು ಲಕೋಟೆ, ಕೆಂಪು ಅಥವಾ ಗುಲಾಬಿ ಬಣ್ಣದ ಲಗ್ನಪತ್ರಿಕೆಯ ಲಕೋಟೆ, ನೇರಳೆ ಶಾಯಿಯ ರಬ್ಬರ್ ಠಸ್ಸೆ ಬಿದ್ದದ್ದು ಇವನ್ನು ಬೇರೆ ಮಾಡಿ. ಇವುಗಳ ಬಣ್ಣ ನೀರಿಗಿಳಿದು ಜೊತೆಯ ಚೀಟಿಗಳಿಗೂ ಹತ್ತುತ್ತದೆ.

2. ತಟ್ಟೆಗೆ ಎರಡು ಬೆರಳು ಎತ್ತರ ನೀರು ಹಾಕಿ, ಚೀಟಿ ಮೇಲ್ಮುಖವಾಗಿ ಬಿಡಿ. ಬಿಸಿನೀರು ಬೇಡ. ಒಂದು ತಟ್ಟೆಗೆ ಎಂಟು ಹತ್ತಕ್ಕಿಂತ ಹೆಚ್ಚು ಹಾಕಬೇಡಿ.

3. ಇಪ್ಪತ್ತರಿಂದ ಮೂವತ್ತು ನಿಮಿಷ ಕಾಯಿರಿ. ಚೀಟಿ ತಾನಾಗಿಯೇ ಜಾರಬೇಕು. ಮಂಡಿ ಕಾಗದಗಳಲ್ಲಿ ಅಂಚೆಯ ಅಂಟು ಸಾಲದೆಂದು ಮೈದಾ ಸರಿ ಮೆತ್ತಿರುತ್ತಿದ್ದರು, ಅದಕ್ಕೆ ಒಂದು ಗಂಟೆಯೂ ಹಿಡಿಯಬಹುದು. ನೀರು ಮಂಕಾದರೆ ಬದಲಿಸಿ. ಕಾಯಲಾರದೆ ಉಗುರಿನಿಂದ ಎಬ್ಬಿಸಿದರೆ ಬೆನ್ನಿನ ಪದರ ಕಾಗದಕ್ಕೇ ಅಂಟಿ ಉಳಿಯುತ್ತದೆ.

4. ಬಿಟ್ಟುಕೊಂಡ ಚೀಟಿಯನ್ನು ಎರಡನೆಯ ತಟ್ಟೆಯ ಶುದ್ಧ ನೀರಿಗೆ ಹಾಕಿ. ಬೆನ್ನನ್ನು ಬೆರಳ ತುದಿಯಿಂದ ಮೆಲ್ಲನೆ ಮುಟ್ಟಿ: ಲೋಳೆಲೋಳೆ ಎನಿಸಿದರೆ ಅಂಟು ಉಳಿದಿದೆ, ಇನ್ನೈದು ನಿಮಿಷ ಬಿಡಿ. ಉಳಿದ ಅಂಟು ಒಣಗಿದ ಮೇಲೆ ಬ್ಲಾಟಿಂಗ್ ಪೇಪರಿಗೆ ಕಚ್ಚಿಕೊಂಡು ಎರಡನೆಯ ಸಲ ಹಾಳು ಮಾಡುತ್ತದೆ.

5. ಒದ್ದೆ ಚೀಟಿಯನ್ನು ಮೂಲೆ ಹಿಡಿದು ಎತ್ತಬೇಡಿ, ಚಿಮಟವನ್ನು ಅಡಿಯಿಂದ ಕೊಟ್ಟು ಎತ್ತಿ. ಮುಖ ಕೆಳಗಾಗಿ ಬ್ಲಾಟಿಂಗ್ ಪೇಪರಿನ ಮೇಲಿಡಿ. ಪತ್ರಿಕೆಯ ಕಾಗದ ಬೇಡವೇ ಬೇಡ, ಅದರ ಮಸಿ ಹತ್ತುತ್ತದೆ. ಫ್ಯಾನ್ ಆರಿಸಿ, ಬಿಸಿಲಿಗಿಡಬೇಡಿ.

6. ಮುಕ್ಕಾಲು ಒಣಗಿ ಅಂಚು ಏಳಲು ಶುರುವಾದಾಗ ಹೊಸ ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಏಪ್ರಿಲ್‌, ಮೇ ತಿಂಗಳ ಒಣಹವೆಯಲ್ಲಿ ಈ ಗಳಿಗೆ ಇಪ್ಪತ್ತೇ ನಿಮಿಷಕ್ಕೆ ಬಂದುಬಿಡುತ್ತದೆ. ತಡಮಾಡಿದರೆ ಚೀಟಿ ಸುರುಳಿ ಸುತ್ತುತ್ತದೆ.

ಬೇರೆ ಮಾಡಿಟ್ಟ ಬಣ್ಣದ ಲಕೋಟೆಗಳಿಗೆ ತಟ್ಟೆ ಸಲ್ಲದು. ಬ್ಲಾಟಿಂಗ್ ಪೇಪರನ್ನು ನೆನೆಸಿ, ಹೆಚ್ಚಿನ ನೀರು ತೆಗೆದು ತೇವ ಮಾತ್ರ ಉಳಿಸಿ, ಅದರ ಮೇಲೆ ಲಕೋಟೆಯ ಕಡೆ ಕೆಳಗಾಗಿ ತುಂಡನ್ನಿಡಿ. ತೇವ ಅಡಿಯಿಂದ ಏರಿ ಅಂಟನ್ನು ಸಡಿಲಿಸುತ್ತದೆ, ಚೀಟಿಯ ಮುಖಕ್ಕೆ ನೀರು ತಾಗುವುದೇ ಇಲ್ಲ. ಹದಿನೈದು ನಿಮಿಷಕ್ಕೊಮ್ಮೆ ಮೂಲೆ ಎತ್ತಿ ನೋಡಿ. ಬಳಸದ, ಅಂಟು ಇರುವ ಚೀಟಿಗೆ ಮಾತ್ರ ಯಾವ ರೂಪದಲ್ಲೂ ನೀರು ತೋರಿಸಬೇಡಿ.

ಇಡುವುದು, ಕಾಯುವುದು

ಬಿಡಿ ಚೀಟಿಗಳಿಗೆ ಸ್ಟಾಕ್‌ಬುಕ್ಕು ಸಾಕು. ಪುಟ ಕಪ್ಪಗಿದ್ದು ಪಟ್ಟಿಗಳು ಪಾರದರ್ಶಕವಾಗಿರಲಿ, ನಡುವೆ ಬಟರ್ ಪೇಪರ್ ಇರಲಿ. ಪುಸ್ತಕವನ್ನು ಕಪಾಟಿನಲ್ಲಿ ಮಲಗಿಸದೆ ನಿಲ್ಲಿಸಿಡಿ. ಒಂದರ ಮೇಲೊಂದು ಹೇರಿದರೆ ಮಳೆಗಾಲದ ತೇವಕ್ಕೆ ಅಡಿಯ ಪುಸ್ತಕದ ಚೀಟಿಗಳ ಅಂಟು ಪುಟಕ್ಕೇ ಹಿಡಿದುಬಿಡುತ್ತದೆ. ಅಗ್ಗದ ಫೋಟೋ ಆಲ್ಬಮ್ಮಿನ ಜಿಗುಟು ಪುಟ ಬೇಡ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವಚವೂ ಬೇಡ. ಅದರೊಳಗಿನ ಎಣ್ಣೆಯಂಶ ವರ್ಷಗಳಲ್ಲಿ ಹೊರಬಂದು ಚೀಟಿಯ ಬಣ್ಣವನ್ನು ಎತ್ತುತ್ತದೆ. ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಚಿತ್ರದುರ್ಗದ ಹವೆ ಒಣ, ಕರಾವಳಿಯವರಿಗಿರುವ ಬೂಷ್ಟಿನ ಕಾಟ ನಮಗೆ ಕಡಿಮೆ. ನಮ್ಮಲ್ಲಿ ಹೆಚ್ಚು ಕೆಡಿಸುವುದು ಬೇಸಿಗೆ. ಒಣಹವೆಗೆ ಅಂಟಿನ ಪದರ ಕುಗ್ಗಿ ಬಳಸದ ಚೀಟಿಗಳು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತವೆ. ಅವನ್ನು ಬೆರಳಿಂದ ಒತ್ತಿ ನೇರ ಮಾಡಲು ಹೋದರೆ ಅಂಟು ಬಿರುಕು ಬಿಟ್ಟು ಕಾಗದವೂ ಗೆರೆ ಬೀಳುತ್ತದೆ. ಹಾಗೇ ಬಿಡಿ. ಮೊದಲ ಮಳೆ ಬಿದ್ದು ಹವೆ ತಂಪಾದಾಗ ತಾವೇ ಅರ್ಧ ಬಿಚ್ಚಿಕೊಳ್ಳುತ್ತವೆ, ಆಗ ಸ್ಟಾಕ್‌ಬುಕ್ಕಿಗೆ ಸೇರಿಸಿ. ಜುಲೈನಿಂದ ಅಕ್ಟೋಬರಿನವರೆಗೆ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಅಡುಗೆಮನೆ ಅಥವಾ ಬಚ್ಚಲಿಗೆ ತಾಗಿದ ಗೋಡೆಯ ಕಪಾಟು ಬೇಡ. ನುಸಿಗುಳಿಗೆಯನ್ನು ಪುಸ್ತಕದೊಳಗೆ ಹಾಕಬೇಡಿ. ಬೇವಿನ ಸೊಪ್ಪು ಇಡುವುದಾದರೆ ಚೆನ್ನಾಗಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಗೆ ಇಡಿ, ಹಸಿ ಎಲೆ ಪುಟದ ಮೇಲೆ ಕಲೆ ಬಿಡುತ್ತದೆ. ಹಳೆಯ ಚೀಟಿಗಳ ಅಂಚಿನಲ್ಲಿ ಕಾಣುವ ಕಂದು ಚುಕ್ಕೆಗಳನ್ನು ಬ್ಲೀಚಿನಿಂದ ತೆಗೆಯುವ ಉಪಾಯಗಳು ಬಹಳ ಓಡಾಡುತ್ತವೆ. ಅವು ಚುಕ್ಕೆಯ ಜೊತೆಗೆ ಕಾಗದದ ಬಲವನ್ನೂ ತೆಗೆಯುತ್ತವೆ. ಚುಕ್ಕೆ ಇರುವ ಚೀಟಿಯನ್ನು ಬೇರೆ ಪುಟದಲ್ಲಿಟ್ಟರೆ ಸಾಕು.

ಹದಿನಾರು ಹಾಳೆ

ಪ್ರದರ್ಶನದ ಒಂದು ಚೌಕಟ್ಟಿನಲ್ಲಿ ಎ4 ಅಳತೆಯ ಹದಿನಾರು ಹಾಳೆ ಹಿಡಿಯುತ್ತವೆ, ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು. ಮೊದಲ ಸಲ ಮಾಡುವವರಿಗೆ ಇದೇ ಒಳ್ಳೆಯ ಅಳತೆ. ಹಾಳೆ 160ರಿಂದ 200 ಜಿಎಸ್‌ಎಂ ದಪ್ಪ ಇರಲಿ, ಬಣ್ಣ ಕೆನೆಬಿಳಿ, ಆಮ್ಲರಹಿತ. ಬಣ್ಣಬಣ್ಣದ ಚಾರ್ಟ್ ಪೇಪರಿನ ಮೇಲೆ ಚೀಟಿಯೇ ಕಳೆದುಹೋಗುತ್ತದೆ.

ಅಚ್ಚುಕಟ್ಟಾದ ಹಂಚಿಕೆ ಹೀಗಿರಬಹುದು. ಮೊದಲ ಹಾಳೆಯಲ್ಲಿ ಶೀರ್ಷಿಕೆ, ವಿಷಯದ ನಾಲ್ಕು ಸಾಲು, ಹಾಳೆಗಳ ಪಟ್ಟಿ. ಎರಡರಿಂದ ಐದರವರೆಗೆ ದಾಸರು: ಬಳಸದ ಪ್ರತಿ, ಬಳಸಿದ ಪ್ರತಿ, ಮೊದಲ ದಿನದ ಕವರ್, ಕಾಗದದ ಮೇಲೆ ಓಡಾಡಿದ ಪ್ರತಿ. ಒಂದೇ ಚೀಟಿಗೆ ನಾಲ್ಕು ಹಾಳೆ ಹೆಚ್ಚಾಯಿತು ಎನಿಸಬಹುದು. ನಮ್ಮ ಪ್ರಕಾರ ಅಲ್ಲೇ ಬೇರೂರಬೇಕು. ಇಂದಿಗೂ ಮಗು ಸಂಗೀತಕ್ಕೆ ಕೂತ ಮೊದಲ ದಿನ ಮಾಯಾಮಾಳವಗೌಳದಲ್ಲಿ ಹಾಡುವ ಸರಳೆ ವರಸೆ ದಾಸರು ಹಾಕಿಕೊಟ್ಟ ಪಾಠವೆಂಬ ನಂಬಿಕೆ ನಡೆದುಬಂದಿದೆ, ಹರಿಹರದ ಪಕ್ಕ ಹರಿಯುವ ತುಂಗಭದ್ರೆಯೇ ಹಂಪಿಯ ಪುರಂದರ ಮಂಟಪದ ಮೆಟ್ಟಿಲಿಗೂ ತಾಗುತ್ತದೆ. ಆರರಿಂದ ಹತ್ತು, ತಿರುವಾರೂರಿನಲ್ಲಿ ಹುಟ್ಟಿದ ಮೂವರು: ಶ್ಯಾಮಾಶಾಸ್ತ್ರಿಗಳು, ತ್ಯಾಗರಾಜರು, ದೀಕ್ಷಿತರು. ಹನ್ನೊಂದಕ್ಕೆ ಭಾತಖಂಡೆ ಮತ್ತು ಪಲುಸ್ಕರ್.

ಹನ್ನೆರಡು, ಹದಿಮೂರಕ್ಕೆ 2014ರ ಸೆಪ್ಟೆಂಬರಿನಲ್ಲಿ ಬಂದ ಎಂಟು ಸಂಗೀತಗಾರರ ಮಾಲೆ. ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ ನಾಲ್ವರೂ ನಮ್ಮ ನೆಲದಲ್ಲಿ ಹುಟ್ಟಿದವರು. ಇವರು ಹಾಡುಗಾರರು, ವಾಗ್ಗೇಯಕಾರರ ಸಾಲಿಗೆ ಸೇರಿಸಿ ಗೊಂದಲ ಮಾಡದೆ ಬೇರೆ ತಲೆಬರಹ ಕೊಡಿ. ಹದಿನಾಲ್ಕು, ಹದಿನೈದು ಹೊರದೇಶಕ್ಕೆ: ಭಾರತದ ಬೀಥೋವನ್ ಚೀಟಿ, ಅದರ ಪಕ್ಕ 1922ರಲ್ಲಿ ಆಸ್ಟ್ರಿಯಾ ತಂದ ಏಳು ಸಂಗೀತಕಾರರ ಮಾಲೆಯಿಂದ ಸಿಕ್ಕ ಒಂದೆರಡು. ಪೂರ್ವ ಜರ್ಮನಿಯ 1956ರ ಶೂಮನ್ ಚೀಟಿ ಸಿಕ್ಕರೆ ಬಿಡಬೇಡಿ. ಸಂಗೀತಕಾರ ಶೂಮನ್ ಮುಖದ ಹಿಂದೆ ಅಚ್ಚಾಗಿದ್ದ ಸ್ವರಲಿಪಿ ಬೇರೊಬ್ಬ ಸಂಗೀತಕಾರ ಶೂಬರ್ಟನ ರಚನೆಯದು! ತಪ್ಪು ಗೊತ್ತಾಗಿ ಅದೇ ವರ್ಷ ಸರಿಯಾದ ಲಿಪಿಯೊಂದಿಗೆ ಮತ್ತೆ ಅಚ್ಚು ಹಾಕಿದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಂಗೀತ ಬಲ್ಲವರು ಆ ಹಾಳೆಯ ಮುಂದಿನಿಂದ ಕದಲುವುದಿಲ್ಲ. ಹದಿನಾರನೆಯ ಹಾಳೆ ದಾವಣಗೆರೆ, ಚಿತ್ರದುರ್ಗ, ಹೊಳಲ್ಕೆರೆ, ಹರಿಹರದ ಮುದ್ರೆ ಬಿದ್ದ ಸಂಗೀತದ ಚೀಟಿಗಳಿಗೆ ಮೀಸಲಿರಲಿ. ತುಂಬಲು ವರ್ಷಗಳು ಬೇಕಾದರೂ ಆಗಲಿ, ಬೇರೆ ಊರಿನವರ ಬಳಿ ಇಲ್ಲದ ಹಾಳೆ ಅದು. ಖಾಸಗಿ ಜನರ ವಿಳಾಸವಿದ್ದರೆ ಆ ಭಾಗದ ಮೇಲೆ ಅಂಟಿಸದೆ ಒಂದು ಕಾಗದದ ಪಟ್ಟಿ ಇಳಿಬಿಡಿ.

ಹಚ್ಚುವ ರೀತಿ: ಬಳಸದ ಚೀಟಿಗೆ ಮೌಂಟ್ (ಚೀಟಿಯನ್ನು ಒಳಗಿಟ್ಟು ಹಾಳೆಗೆ ಹಚ್ಚುವ ಪಾರದರ್ಶಕ ಕವಚ) ಮಾತ್ರ. ಚೀಟಿಯ ಅಗಲ, ಎತ್ತರ ಎರಡಕ್ಕೂ ಎರಡೆರಡು ಮಿಲಿಮೀಟರ್ ಕೂಡಿಸಿ ಮೌಂಟ್ ಕತ್ತರಿಸಿ. ಬಿಗಿಯಾದರೆ ಹಲ್ಲು ಮಡಚುತ್ತದೆ, ಸಡಿಲವಾದರೆ ಚೀಟಿ ಜಾರಿ ಓರೆಯಾಗುತ್ತದೆ. ಮೌಂಟಿನ ಬೆನ್ನಿಗೆ ಮೇಲಂಚಿನಲ್ಲಿ ಮಾತ್ರ ತೇವ ಮಾಡಿ, ನೀರು ಒಳಗೆ ಹರಿದರೆ ಚೀಟಿಯ ಅಂಟು ಕರಗಿ ಒಳಗೇ ಹಿಡಿದುಕೊಳ್ಳುತ್ತದೆ. ಬಳಸಿದ ಚೀಟಿಗೆ ಹಿಂಜ್ ಸಾಕು. ಮೂರರಲ್ಲಿ ಒಂದು ಭಾಗ ಮಡಚಿ, ಆ ಸಣ್ಣ ಭಾಗವನ್ನು ತುಸು ತೇವ ಮಾಡಿ ಚೀಟಿಯ ಬೆನ್ನಿಗೆ ಮೇಲಿನ ಹಲ್ಲುಗಳ ಕೆಳಗೆ ಹಚ್ಚಿ. ಕವರುಗಳಿಗೆ ನಾಲ್ಕು ಮೂಲೆಗೆ ಪಾರದರ್ಶಕ ಕಾರ್ನರ್. ಹಿಂಜ್ ತೆಗೆಯಬೇಕಾದಾಗ ಅದು ಪೂರ್ತಿ ಒಣಗಿದ ಮೇಲೆ ಮಾತ್ರ ಕೈ ಹಾಕಿ.

ಬರಹ ಚಿಕ್ಕದಿರಲಿ, ಚೀಟಿಗೆ ಮೂರು ನಾಲ್ಕು ಸಾಲು. ‘ಸಂಗೀತ ಲೋಕದ ಧ್ರುವತಾರೆ’ ಎಂದು ಬರೆದರೆ ನೋಡುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಪುರಂದರದಾಸರು, 1484–1564. ಅಂಕಿತ: ಪುರಂದರ ವಿಠಲ. ಬಿಡುಗಡೆ 14-1-1964, ಅಮಾವಾಸ್ಯೆ, ದಾಸರ ಪುಣ್ಯತಿಥಿ. ಮುಖಬೆಲೆ 15 ನಯಾಪೈಸೆ, ಆಗಿನ ಸಾದಾ ಕಾಗದದ ದರ.’ ಕೊನೆಯ ಸಾಲು ಚೀಟಿಯನ್ನು ಮತ್ತೆ ಆ ಕಾಲದ ಅಂಚೆಪೆಟ್ಟಿಗೆಯ ಹತ್ತಿರ ತರುತ್ತದೆ. ತೀರ್ಪುಗಾರರು ಮೆಚ್ಚುವುದೂ ಇಂಥದನ್ನೇ.

ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಂಚೆ ಇಲಾಖೆ 2017ರಲ್ಲಿ ದೀನದಯಾಳ್ ಸ್ಪರ್ಶ್ ವಿದ್ಯಾರ್ಥಿವೇತನ ಶುರು ಮಾಡಿತು, ವರ್ಷಕ್ಕೆ 6,000 ರೂಪಾಯಿ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇದ್ದು ಮಗು ಅದರ ಸದಸ್ಯನಾಗಿರಬೇಕು, ಕ್ಲಬ್ ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಠೇವಣಿ ಖಾತೆ ಇದ್ದರೂ ಆಗುತ್ತದೆ. ಮೊದಲು ರಸಪ್ರಶ್ನೆ, ಅದರಲ್ಲಿ ಗೆದ್ದವರಿಗೆ ಯೋಜನೆ. ಯೋಜನೆಯಲ್ಲಿ 16 ಚೀಟಿ, 500 ಪದ ಮೀರುವಂತಿಲ್ಲ. ಮೇಲಿನ ಚೌಕಟ್ಟಿನಿಂದ ದಾಸರು ಮತ್ತು ಮೂವರು ವಾಗ್ಗೇಯಕಾರರ ಹಾಳೆಗಳನ್ನಷ್ಟೇ ಆರಿಸಿಕೊಂಡರೆ ಅಳತೆಗೆ ಸರಿಯಾಗುತ್ತದೆ. ಹಾಳೆಗಳನ್ನು ಮಗುವೇ ಬರೆಯಲಿ, ತೀರ್ಪುಗಾರರು ಪ್ರಶ್ನೆ ಕೇಳಿದಾಗ ಉತ್ತರ ಕೊಡಬೇಕಾದ್ದು ಮಗುವೇ.

ಸಾಗಿಸುವಾಗ ಒಂದೊಂದು ಹಾಳೆಯನ್ನೂ ಬೇರೆ ಬೇರೆ ಪಾಲಿಪ್ರೊಪಿಲಿನ್ ಕವಚಕ್ಕೆ ಹಾಕಿ, ಹಿಂಭಾಗದಲ್ಲಿ ಪೆನ್ಸಿಲಿನಿಂದ 1ರಿಂದ 16ರವರೆಗೆ ಸಂಖ್ಯೆ ಬರೆಯಿರಿ. ಎಲ್ಲದರ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಕಟ್ಟಿನ ಎರಡೂ ಬದಿಗೆ ಗಟ್ಟಿ ರಟ್ಟು ಕೊಟ್ಟು ದಾರದಿಂದ ಕಟ್ಟಿ, ರಬ್ಬರ್ ಬ್ಯಾಂಡ್ ಬೇಡ, ಅದು ಅಂಚನ್ನು ಬಗ್ಗಿಸುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ಹೋಗುವಾಗ ಇಂಜಿನಿನ ಪಕ್ಕದ ಬಿಸಿ ಜಾಗದಲ್ಲಾಗಲಿ ಡಿಕ್ಕಿಯಲ್ಲಾಗಲಿ ಇಡಬೇಡಿ, ಮಡಿಲಲ್ಲಿ ನಿಲ್ಲಿಸಿ ಹಿಡಿದುಕೊಳ್ಳಿ. ಪ್ರದರ್ಶನ ಮುಗಿದು ಹಾಳೆ ಇಳಿಸಿಕೊಂಡಾಗ ಅಲ್ಲೇ ಕೂತು ಹದಿನಾರನ್ನೂ ಎಣಿಸಿ, ಫೋಟೋದ ಜೊತೆ ಒಂದೊಂದನ್ನೇ ಹೋಲಿಸಿ ನೋಡಿ, ಆಮೇಲೆ ಸಹಿ ಹಾಕಿ.